ಟಾರ್ಕ್ ಕನ್ವರ್ಟರ್ ಬದಲಿಸಿದರೆ ಪವರ್ ಜಾಸ್ತಿ ಆಗ್ತದಾ?

ಪ್ರಶ್ನೆ: ನನ್ನ ಊರು ಉಪ್ಪಳ, ಕೆಲಸ ಅಬುಧಾಬಿಯಲ್ಲಿ. ಅಲ್ಲಿನ ಯಾಸ್ ಮರೀನಾ ರೇಸ್ ಟ್ರ್ಯಾಕಿಗೆ ಡ್ರ್ಯಾಗ್ ರೇಸ್ (ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಓಡುವ ಪಂದ್ಯ) ನೋಡಲು ಹೋಗುತ್ತಿರುತ್ತೇನೆ. ಆಟೋಮ್ಯಾಟಿಕ್ ಗಾಡಿಯವರು ಕಂಪೆನಿಯ ಟಾರ್ಕ್ ಕನ್ವರ್ಟರ್ ತೆಗೆದು ಬೇರೆಯದು ಹಾಕಿಸುತ್ತಾರಲ್ಲ, ಅದರಿಂದ ಪವರ್ ಜಾಸ್ತಿ ಆಗ್ತದಾ?

ಉತ್ತರ: ಇಲ್ಲ. ಕನ್ವರ್ಟರ್ ಅಂದರೆ ಇಂಜಿನ್ನಿನ ಬಲವನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ ಅಷ್ಟೇ; ಇಂಜಿನ್ನಿನ ಪವರ್ ಇದ್ದಷ್ಟೇ ಇರುತ್ತದೆ. ಆದರೆ ಆ ಪವರ್ ಯಾವ ಗಳಿಗೆಯಲ್ಲಿ ಚಕ್ರಕ್ಕೆ ಸಿಗುತ್ತದೆ ಅನ್ನುವುದು ಬದಲಾಗುತ್ತದೆ. ಡ್ರ್ಯಾಗ್ ರೇಸಿನಲ್ಲಿ ಅದೇ ದೊಡ್ಡ ವಿಷಯ.

ಕುಂಬಳೆ ಹತ್ತಿರದ ಗ್ಯಾರೇಜೊಂದರಲ್ಲಿ ಕನ್ವರ್ಟರನ್ನು ಲೇತಿಗೆ ಕಟ್ಟಿ, ವೆಲ್ಡಿಂಗ್ ಕೊಯ್ದು ಬಿಡಿಸಿದ್ದನ್ನು ನೋಡಿದ್ದೇನೆ. ಒಡೆದ ತೆಂಗಿನಕಾಯಿಯ ಕಡಿಗಳ ಹಾಗೆ ಕಾಣುತ್ತದೆ. ಒಳಗೆಲ್ಲ ರೆಕ್ಕೆಗಳು. ಇಂಜಿನ್ ಜೊತೆ ತಿರುಗುವ ಇಂಪೆಲ್ಲರ್ ಆಯಿಲನ್ನು ಎರಚುತ್ತದೆ. ಅದು ಬಡಿದು ಗೇರ್‌ಬಾಕ್ಸ್ ಕಡೆಯ ಟರ್ಬೈನ್ ತಿರುಗುತ್ತದೆ. ನಡುವೆ ಪುಟ್ಟ ಸ್ಟೇಟರ್. ವಾಪಸ್ ಬರುವ ಆಯಿಲಿನ ದಿಕ್ಕು ತಿರುಗಿಸಿ ಇಂಪೆಲ್ಲರಿಗೆ ನೆರವಾಗುವಂತೆ ಕಳಿಸುವುದು ಅದರ ಕೆಲಸ. ಹಾಗಾಗಿಯೇ ಗಾಡಿ ಹೊರಡುವಾಗ ಟಾರ್ಕ್, ಅಂದರೆ ತಿರುಗಿಸುವ ಬಲ, ಸುಮಾರು 2 ಪಟ್ಟಾಗುತ್ತದೆ.

ಬ್ರೇಕ್ ಒತ್ತಿ ಹಿಡಿದು ಆಕ್ಸಿಲರೇಟರ್ ಪೂರ್ತಿ ಕೊಟ್ಟಾಗ ಇಂಜಿನ್ ಎಷ್ಟು ಆರ್‌ಪಿಎಂಗೆ (ನಿಮಿಷಕ್ಕೆ ಎಷ್ಟು ಸುತ್ತು) ಏರಿ ನಿಲ್ಲುತ್ತದೋ ಅದು ಸ್ಟಾಲ್. (ಅಂಗಳದಲ್ಲಿ ಪರೀಕ್ಷೆ ಮಾಡಬೇಡಿ, ಆಯಿಲ್ ಸೆಕೆಂಡುಗಳಲ್ಲಿ ವಿಪರೀತ ಕಾಯುತ್ತದೆ.) ಮನೆ ಬಳಕೆಯ ಕಾರಿನಲ್ಲಿ ಅದು 2000ದ ಆಸುಪಾಸು. ನಿಮ್ಮ ಇಂಜಿನ್ ಬಲ ತೋರಿಸುವುದು 4000ದಲ್ಲಿ ಅಂತಿಟ್ಟುಕೊಳ್ಳಿ. ಹಸಿರು ದೀಪ ಬಿದ್ದಾಗ ಅದಕ್ಕಿನ್ನೂ ದಮ್ಮೇ ಬಂದಿರುವುದಿಲ್ಲ, ಅಲ್ವಾ? ಅದಕ್ಕೇ 11–12 ಇಂಚಿನ ಕನ್ವರ್ಟರ್ ತೆಗೆದು 8–10 ಇಂಚಿನದು ಹಾಕುತ್ತಾರೆ. ಚಿಕ್ಕದಾದಷ್ಟೂ ಸ್ಟಾಲ್ ಮೇಲೇರುತ್ತದೆ. ಗಾಡಿ ಅಲುಗುವ ಮೊದಲೇ ಇಂಜಿನ್ 4000ದಲ್ಲಿ ಸಿದ್ಧವಾಗಿರುತ್ತದೆ. ಟರ್ಬೊ ಇದ್ದರೆ ಬೂಸ್ಟ್ (ಅದು ಇಂಜಿನ್ನಿಗೆ ತುಂಬುವ ಗಾಳಿಯ ಒತ್ತಡ) ಕೂಡ ಬಂದಿರುತ್ತದೆ.

ಮೊದಲ 60 ಅಡಿಯಲ್ಲಿ 0.1 ಸೆಕೆಂಡ್ ಉಳಿದರೆ, ರೇಸಿನ 402 ಮೀಟರ್ ಮುಗಿಯುವಾಗ ಸಾಮಾನ್ಯವಾಗಿ ಅದಕ್ಕಿಂತ ಜಾಸ್ತಿ ಉಳಿದಿರುತ್ತದೆ. ಗೆರೆ ದಾಟುವಾಗಿನ ಸ್ಪೀಡ್ ಮಾತ್ರ ಹೆಚ್ಚೇನೂ ಬದಲಾಗದು. ಸ್ಪೀಡೇ ಇಳಿದಿದ್ದರೆ ಕನ್ವರ್ಟರ್ ಅತಿಯಾಗಿ ಜಾರುತ್ತಿರಬಹುದು, ಅಂದರೆ ಇಂಪೆಲ್ಲರ್ ತಿರುಗಿದಷ್ಟು ಟರ್ಬೈನ್ ತಿರುಗುತ್ತಿಲ್ಲ.

ಎಲ್ಲರೂ ಎಡವುವುದು ಇಲ್ಲಿ: ಗೆಳೆಯನ ಗಾಡಿಯ ಸ್ಟಾಲ್ ನಂಬರ್ ನೋಡಿ ಅದನ್ನೇ ತರಿಸುತ್ತಾರೆ. ಸ್ಟಾಲ್ ಕನ್ವರ್ಟರ್ ಒಂದರಿಂದಲೇ ನಿರ್ಧಾರ ಆಗುವುದಿಲ್ಲ. ಬಲವಾದ ಇಂಜಿನ್ ಹಿಂದೆ 4000 ಏರುವುದು, ಸಣ್ಣ ಇಂಜಿನ್ ಹಿಂದೆ 3000ಕ್ಕೇ ನಿಂತೀತು. ಗಾಡಿಯ ತೂಕ, ಟಾರ್ಕ್, ಗೇರ್ ರೇಶಿಯೊ, ಟಯರಿನ ಎತ್ತರ ಕೇಳದೆ ಕೊಡುವ ಅಂಗಡಿಯಿಂದ ದಯವಿಟ್ಟು ತಗೊಳ್ಳಬೇಡಿ.

ಇನ್ನು ಬಿಸಿ. ಜಾರಿದಷ್ಟೂ ಆಯಿಲ್ ಕಾಯುತ್ತದೆ. ದೊಡ್ಡ ಕೂಲರ್ ಬೇಕೇ ಬೇಕು. ಗೇರ್‌ಬಾಕ್ಸ್ ಆಯಿಲಿನ ಡಿಪ್‌ಸ್ಟಿಕ್ ಎಳೆದು ಬಿಳಿ ಬಟ್ಟೆಗೆ ಒರೆಸಿ ನೋಡಿ. ಕೆಂಪಗಿದ್ದದ್ದು ಕಪ್ಪಾಗಿ, ಕರಟಿದ ವಾಸನೆ ಬಂದರೆ ಗಾಡಿ ಅಲ್ಲೇ ನಿಲ್ಲಿಸಿ.

ರಜೆಯಲ್ಲಿ ಬಂದಾಗ ಊರಿನ ಕಾರಿಗೂ ಹಾಕಿಸೋಣ ಅನಿಸಬಹುದು. ನಮ್ಮ ಕಡೆಯ ಸಣ್ಣ ಆಟೋಮ್ಯಾಟಿಕ್ ಕಾರುಗಳಲ್ಲಿ ಹಲವು ಎಎಂಟಿ (ಮ್ಯಾನುವಲ್ ಗೇರ್‌ಬಾಕ್ಸಿನ ಕ್ಲಚ್, ಗೇರನ್ನು ಯಂತ್ರವೇ ಹಾಕುವ ಬಗೆ), ಅವುಗಳಲ್ಲಿ ಕನ್ವರ್ಟರೇ ಇಲ್ಲ. ಇದ್ದರೂ ಬೇಡ. ಹೊಸಂಗಡಿಯಲ್ಲಿ ಬಸ್ಸಿನ ಹಿಂದೆ ತೆವಳುವಾಗ ಇಂಜಿನ್ ಸುಮ್ನೆ ಕೂಗುತ್ತಾ ಪೆಟ್ರೋಲ್ ಕುಡಿಯುತ್ತದೆ.