ಅಸ್ಸೂರ್ ಪಟ್ಟಣದ ಹೆಂಗಸರು: ಕಾಗದಗಳಲ್ಲಿ ಒಂದು ಚಿತ್ರ, ಕಾನೂನಿನಲ್ಲಿ ಇನ್ನೊಂದು

‘ಪ್ರಾಚೀನ ಸಮಾಜಗಳಲ್ಲಿ ಮಹಿಳೆಯರ ಸ್ಥಾನಮಾನ’ ಅಂತ ಪ್ರಶ್ನೆ ಬಂದರೆ ನಾವು ಹಮ್ಮುರಾಬಿಯ ಕಾನೂನಿನಿಂದ ನಾಲ್ಕು ಸಾಲು ಬರೆದು, ಗಾರ್ಗಿ, ಮೈತ್ರೇಯಿ ಹೆಸರು ಸೇರಿಸಿ ಮುಗಿಸುತ್ತೇವೆ. ಅಷ್ಟಕ್ಕೆ ಅಂಕ ಬರಬಹುದು. ಆದರೆ ಆ ಕಾಲದ ಹೆಂಗಸು ದಿನವಿಡೀ ಏನು ಕೆಲಸ ಮಾಡುತ್ತಿದ್ದಳು, ಅದರ ದುಡ್ಡು ಯಾರ ಕೈ ಸೇರುತ್ತಿತ್ತು ಅನ್ನೋದು ಅದರಲ್ಲಿ ಸಿಗುವುದಿಲ್ಲ. ಅದಕ್ಕೆ ಇಲ್ಲಿ ಒಂದೇ ಊರನ್ನು ಹಿಡಿದುಕೊಂಡಿದ್ದೇನೆ. ಅದು ಟೈಗ್ರಿಸ್ ನದಿ ದಂಡೆಯ ಅಸ್ಸೂರ್. ಈಗ ಇರಾಕ್‌ನ ಉತ್ತರ ಭಾಗದಲ್ಲಿದೆ.

ಕ್ರಿ.ಪೂ. 19ನೇ ಶತಮಾನದಲ್ಲಿ ಅಸ್ಸೂರ್ ದೊಡ್ಡ ಸಾಮ್ರಾಜ್ಯವಾಗಿರಲಿಲ್ಲ, ವ್ಯಾಪಾರಿಗಳ ಊರಾಗಿತ್ತು. ತವರ ಮತ್ತು ಉಣ್ಣೆ ಬಟ್ಟೆ ಹೇರಿಕೊಂಡ ಕತ್ತೆಗಳು ಇಲ್ಲಿಂದ ಸುಮಾರು 1,000 ಕಿ.ಮೀ. ನಡೆದು ಕಾನೆಶ್ ಪಟ್ಟಣ ಮುಟ್ಟುತ್ತಿದ್ದವು. ಒಂದೂವರೆ ತಿಂಗಳ ದಾರಿ. ಅಲ್ಲಿಂದ ಬೆಳ್ಳಿ, ಬಂಗಾರ ವಾಪಸ್ ಬರುತ್ತಿತ್ತು. ಟರ್ಕಿಯ ಕೈಸೇರಿ ಹತ್ತಿರದ ಕುಲ್ತೆಪೆ ಎಂಬ ದಿಬ್ಬವೇ ಆ ಕಾನೆಶ್. ಅಲ್ಲಿ ಸಿಕ್ಕ ಜೇಡಿಮಣ್ಣಿನ ಫಲಕಗಳು ಸುಮಾರು 23,000. ಹೆಚ್ಚಿನವು ವ್ಯಾಪಾರಿಗಳ ಮನೆಗಳಲ್ಲೇ ಇದ್ದ ಲೆಕ್ಕಪತ್ರ, ಸಾಲಪತ್ರ ಮತ್ತು ಕಾಗದಗಳು. ಊರಲ್ಲಿ ಉಳಿದ ಹೆಂಡತಿಯರು, ಅಕ್ಕತಂಗಿಯರು, ಹೆಣ್ಣುಮಕ್ಕಳು ಕಳಿಸಿದ ಕಾಗದಗಳೂ ಅವುಗಳಲ್ಲಿವೆ. ನಮಗೆ ಬೇಕಾದ್ದು ಅವೇ.

ಗಂಡಸರು ವರ್ಷಗಟ್ಟಲೆ ಕಾನೆಶ್‌ನಲ್ಲಿರುತ್ತಿದ್ದರು. ಅಸ್ಸೂರಿನ ಮನೆ, ಮಕ್ಕಳು, ಆಳುಕಾಳು, ಸಾಲ ವಸೂಲಿ, ಎಲ್ಲ ಹೆಂಗಸರ ಮೇಲೆ. ಅದರ ಜೊತೆಗೆ ಮಗ್ಗ. ಕಾನೆಶ್‌ಗೆ ಹೋಗುತ್ತಿದ್ದ ಬಟ್ಟೆಯಲ್ಲಿ ಒಂದು ಪಾಲು ದಕ್ಷಿಣದ ಬ್ಯಾಬಿಲೋನಿಯಾ ಕಡೆಯಿಂದ ಕೊಂಡದ್ದು, ಇನ್ನೊಂದು ಪಾಲು ಈ ಮನೆಗಳಲ್ಲೇ ನೇಯ್ದದ್ದು. ಪುಜುರ್-ಅಸ್ಸೂರ್ ಎಂಬ ವ್ಯಾಪಾರಿ ವಕ್ಕುರ್ತುಮ್ ಎಂಬ ಹೆಂಗಸಿಗೆ ಬರೆದ ಕಾಗದದಲ್ಲಿ ಬಟ್ಟೆ ಹೇಗಿರಬೇಕು ಅಂತ ವಿವರವಾಗಿ ಹೇಳುತ್ತಾನೆ. ನೇಯ್ಗೆ ಒತ್ತಾಗಿರಬೇಕು, ಪ್ರತಿ ಬಟ್ಟೆಗೆ ಒಂದು ಮಿನಾ, ಅಂದರೆ ಸುಮಾರು ಅರ್ಧ ಕೆ.ಜಿ. ಉಣ್ಣೆ ಜಾಸ್ತಿ ಹಾಕಬೇಕು, ಒಂದು ಮಗ್ಗುಲನ್ನು ಬಾಚಬೇಕು, ಪೂರ್ತಿಯಾದ ಬಟ್ಟೆ 9 ಮೊಳ ಉದ್ದ, 8 ಮೊಳ ಅಗಲ ಇರಬೇಕು. ಅಂದಾಜು ನಾಲ್ಕೂವರೆ ಮೀಟರ್‌ಗೆ ನಾಲ್ಕು ಮೀಟರ್! ಇಷ್ಟು ದೊಡ್ಡದನ್ನು ಕೈಯಲ್ಲಿ ನೇಯಲು ತಿಂಗಳುಗಳೇ ಹಿಡಿಯುತ್ತವೆ.

ಲಮಸ್ಸಿಯ ಕಾಗದಗಳು ನನಗೆ ಎಲ್ಲಕ್ಕಿಂತ ಇಷ್ಟ. ಇವಳು ಪುಶು-ಕೇನ್ ಎಂಬ ದೊಡ್ಡ ವ್ಯಾಪಾರಿಯ ಹೆಂಡತಿ. ಬಟ್ಟೆ ಚಿಕ್ಕದಾಗಿದೆ, ಚೆನ್ನಾಗಿಲ್ಲ ಅಂತ ಗಂಡ ಬರೆದಾಗ ಅವಳು ಸುಮ್ನೆ ಕೇಳಿಸಿಕೊಂಡು ಕೂರುವುದಿಲ್ಲ. ಅಳತೆ ಕಡಿಮೆ ಮಾಡು ಅಂದವನು ನೀನೇ ಅಲ್ವಾ, ಈಗ ಅರ್ಧ ಮಿನಾ ಉಣ್ಣೆ ಜಾಸ್ತಿ ಹಾಕು ಅಂತೀಯ, ಹಾಕಿದ್ದೇನೆ ಅಂತ ಉತ್ತರ ಕೊಡುತ್ತಾಳೆ. ಇನ್ನೊಂದು ಕಡೆ, ನೀನು ಹೋದ ಮೇಲೆ ಶಾಲಿಮ್-ಅಹುಮ್ (ಇನ್ನೊಬ್ಬ ವ್ಯಾಪಾರಿ) ಎರಡು ಸಲ ಮನೆ ಕಟ್ಟಿಸಿದ, ನಾವು ಕಟ್ಟಿಸುವುದು ಯಾವಾಗ ಅಂತ ಕೇಳುತ್ತಾಳೆ. ಅವಳ ಬಟ್ಟೆ ಮಾರಿದ ಬೆಳ್ಳಿ ಅವಳ ಹೆಸರಿಗೇ ಬರಬೇಕಿತ್ತು. ಅದಕ್ಕೇ ಅಷ್ಟು ಗಟ್ಟಿಯಾಗಿ ಲೆಕ್ಕ ಕೇಳುತ್ತಾಳೆ ಅಂತ ನನಗೆ ಅನಿಸುತ್ತದೆ. ಎಲ್ಲರ ಸ್ಥಿತಿ ಇಷ್ಟು ಚೆನ್ನಾಗಿರಲಿಲ್ಲ. ತಾರಾಮ್-ಕೂಬಿ ಎಂಬಾಕೆ, ಮನೆಯಲ್ಲಿದ್ದುದನ್ನೆಲ್ಲ ಬಳಿದುಕೊಂಡು ಹೋದೆ, ಊರಲ್ಲಿ ಬರ ಬಿದ್ದಿದೆ, ಮನೆಯಲ್ಲಿ ಜವೆಗೋಧಿ ಇಲ್ಲ ಅಂತ ಗಂಡನಿಗೆ ಕಟುವಾಗಿ ಬರೆದಿದ್ದಾಳೆ.

ಇನ್ನು ಮದುವೆಯ ವಿಷಯ. ಕುಲ್ತೆಪೆಯಲ್ಲಿ ಸಿಕ್ಕ ಲಾಕಿಪುಮ್ ಮತ್ತು ಹತಾಲಾ ದಂಪತಿಯ ಮದುವೆ ಕರಾರನ್ನು ತಪ್ಪದೆ ಓದಿ. ಕಾನೆಶ್ ಕಡೆಯ ಆ ನಾಡಿನಲ್ಲಿ ಗಂಡ ಲಾಕಿಪುಮ್ ಇನ್ನೊಬ್ಬಳನ್ನು ಮದುವೆಯಾಗುವಂತಿಲ್ಲ. ಅಸ್ಸೂರಿನಲ್ಲಿ ಮಾತ್ರ ದೇವಸ್ಥಾನಕ್ಕೆ ಸೇರಿದ ಒಂದು ವರ್ಗದ ಹೆಣ್ಣನ್ನು ಆಗಬಹುದು. ಅವನು ಬಿಟ್ಟರೆ 5 ಮಿನಾ ಬೆಳ್ಳಿ ದಂಡ. ಅವಳು ಬಿಟ್ಟರೂ ಅಷ್ಟೇ ದಂಡ. ಅಂದರೆ ಮದುವೆ ಮುರಿಯುವ ದಾರಿ ಇಬ್ಬರಿಗೂ ಇತ್ತು, ಬೆಲೆಯೂ ಒಂದೇ. ಎರಡೂವರೆ ಕೆ.ಜಿ. ಬೆಳ್ಳಿ ಸಣ್ಣ ಮೊತ್ತವಲ್ಲ, ನಿಜ. ಆದರೂ ಆ ಸಮಾನತೆಯನ್ನು ನೋಟ್ಸ್‌ನಲ್ಲಿ ಅಡಿಗೆರೆ ಹಾಕಿ ಬರೆದುಕೊಳ್ಳಿ.

ಅದೇ ಕರಾರಿನಲ್ಲಿ ಮತ್ತೊಂದು ಷರತ್ತಿದೆ. ಎರಡು ವರ್ಷದೊಳಗೆ ಮಗುವಾಗದಿದ್ದರೆ ಹತಾಲಾಳೇ ಒಬ್ಬ ದಾಸಿಯನ್ನು ಕೊಂಡು ತರಬೇಕು. ಆ ದಾಸಿ ಮಗು ಹೆತ್ತ ಮೇಲೆ ಅವಳನ್ನು ಮಾರಿಬಿಡಬಹುದು. ಇಲ್ಲಿ ದಾಸಿಗೆ ಹೆಸರೂ ಇಲ್ಲ. ‘ಮಹಿಳೆಯರ ಸ್ಥಾನ’ ಅಂತ ಒಂದೇ ಮಾತಲ್ಲಿ ಹೇಳಲು ಆಗದಿರುವುದು ಇದಕ್ಕೇ. ಹತಾಲಾ ಮತ್ತು ಆ ದಾಸಿ ಒಂದೇ ಸೂರಿನಡಿ ಇದ್ದರೂ ಇಬ್ಬರ ಬದುಕು ಬೇರೆ ಬೇರೆ.

ಈಗ ಅದೇ ಅಸ್ಸೂರಿಗೆ ಏಳೆಂಟು ಶತಮಾನ ಬಿಟ್ಟು ಬನ್ನಿ. ಮಧ್ಯ ಅಸ್ಸೀರಿಯನ್ ಕಾನೂನು ಎಂದು ಕರೆಯುವ ಫಲಕಗಳು ಇದೇ ಊರಿನ ಉತ್ಖನನದಲ್ಲಿ ಸಿಕ್ಕಿವೆ. ನಮ್ಮ ಕೈಯಲ್ಲಿರುವ ಪ್ರತಿಗಳು ಸುಮಾರು ಕ್ರಿ.ಪೂ. 11ನೇ ಶತಮಾನದವು. ಅವುಗಳ ಪ್ರಕಾರ ಗಂಡ ಹೆಂಡತಿಯನ್ನು ಬಿಡುವಾಗ ಮನಸ್ಸಿದ್ದರೆ ಏನಾದರೂ ಕೊಡಬಹುದು, ಇಲ್ಲದಿದ್ದರೆ ಅವಳು ಬರಿಗೈಯಲ್ಲಿ ಹೋಗಬೇಕು. ಮದುವೆಯಾದವರು, ವಿಧವೆಯರು ಬೀದಿಗೆ ಬರುವಾಗ ತಲೆ ಮುಚ್ಚಿಕೊಳ್ಳಬೇಕು. ವೇಶ್ಯೆ ಮುಚ್ಚಿಕೊಂಡರೆ 50 ಏಟು, ತಲೆಗೆ ಡಾಂಬರು. ದಾಸಿ ಮುಚ್ಚಿಕೊಂಡರೆ ಕಿವಿ ಕತ್ತರಿಸಬೇಕು. ಮುಸುಕು ಯಾರು ಒಬ್ಬ ಗಂಡಸಿನ ಮನೆಗೆ ಸೇರಿದವಳು, ಯಾರು ಅಲ್ಲ ಎಂದು ಬೀದಿಯಲ್ಲೇ ತೋರಿಸುವ ಗುರುತಾಗಿತ್ತು.

ಹಾಗಾದರೆ ಕಾಲ ಕಳೆದಂತೆ ಸ್ಥಿತಿ ಕೆಟ್ಟಿತು ಅಂತ ನೇರವಾಗಿ ಬರೆಯಬಹುದಾ? ಸ್ವಲ್ಪ ತಡೆಯಿರಿ. ಮೊದಲಿನದು ಎರಡು ಕುಟುಂಬಗಳು ಕೂತು ಒಪ್ಪಿಕೊಂಡ ಕರಾರು, ಎರಡನೆಯದು ನಿಯಮಗಳ ಪಟ್ಟಿ. ನಿಯಮ ಇದ್ದ ಮಾತ್ರಕ್ಕೆ ಮನೆಮನೆಯಲ್ಲೂ ಹಾಗೇ ನಡೆಯಿತು ಅಂತಲ್ಲ. ಮೊದಲ ಕಾಲದಲ್ಲಿ ನಮಗೆ ಗೊತ್ತಿರುವವರು ಹೆಚ್ಚಾಗಿ ದುಡ್ಡಿದ್ದ ವ್ಯಾಪಾರಿಗಳ ಮನೆಯವರು. ಆದರೂ ಒಂದು ಕಾರಣ ಎದ್ದು ಕಾಣುತ್ತದೆ. ಲಮಸ್ಸಿಯ ಕಾಲದ ವ್ಯಾಪಾರಕ್ಕೆ ಮನೆಯ ಮಗ್ಗ ಬೇಕಿತ್ತು, ಊರಲ್ಲಿ ನಿಂತು ವ್ಯವಹಾರ ನೋಡುವ ಹೆಂಗಸು ಬೇಕಿತ್ತು. ಕಾನೂನಿನ ಕಾಲಕ್ಕೆ ಅಸ್ಸೂರ್ ದಂಡೆತ್ತಿ ಹೋಗುವ ರಾಜ್ಯವಾಗಿತ್ತು, ಕಾನೆಶ್ ಜೊತೆಗಿನ ಆ ಹಳೆಯ ವ್ಯಾಪಾರ ಎಂದೋ ನಿಂತುಹೋಗಿತ್ತು. ಉತ್ತರ ಬರೆಯುವಾಗ ಇವೆರಡನ್ನೂ ಪಕ್ಕಪಕ್ಕ ಇಡಿ, ಕರಾರು ಯಾವುದು, ಕಾನೂನು ಯಾವುದು ಅಂತ ಬೇರ್ಪಡಿಸಿ ಹೇಳಿ, ಹೆಸರಿಲ್ಲದ ಆ ದಾಸಿಯ ಷರತ್ತನ್ನೂ ಬಿಡಬೇಡಿ.