ಪದ ಪರಿಚಯ: ಓವರ್‌ಲೋಡ್

ಲಾರಿ ಚಾಲಕರ ಮಾತಿನಲ್ಲಿ ‘ಓವರ್‌ಲೋಡ್’ ಎಂಬ ಪದದ ಜೊತೆಗೆ ‘ಪಾಸಿಂಗ್’ ಮತ್ತು ‘ಅಂಡರ್‌ಲೋಡ್’ ಎಂಬ ಎರಡು ಪದಗಳು ಸದಾ ಇರುತ್ತವೆ. ಅವೆರಡನ್ನು ಬಿಟ್ಟು ಮೊದಲನೆಯದರ ಅರ್ಥ ತಿಳಿಯುವುದಿಲ್ಲ. ಓವರ್‌ಲೋಡ್ ಎಂದರೆ ಗಾಡಿ ತಾಳಲಾರದಷ್ಟು ಹೊರೆ ಎಂದು ಹೊರಗಿನವರು ಸಹಜವಾಗಿಯೇ ಭಾವಿಸುತ್ತಾರೆ. ಆದರೆ ಓವರ್‌ಲೋಡ್ ಆದ ಎಷ್ಟೋ ಲಾರಿಗಳು ಏನೂ ಆಗದಂತೆ ನೂರಾರು ಕಿಲೋಮೀಟರ್ ಓಡುತ್ತವೆ. ಗಾಡಿಯ ತಾಳಿಕೆಯಲ್ಲ, ಅದರ ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಬರೆದಿರುವ ಒಂದು ಸಂಖ್ಯೆಯೇ ಇಲ್ಲಿ ಅಳತೆಗೋಲು.

ಆ ಸಂಖ್ಯೆಯನ್ನು ಚಾಲಕರು ‘ಪಾಸಿಂಗ್’ ಎನ್ನುತ್ತಾರೆ. ಬಾಡಿಗೆ ಗೊತ್ತುಮಾಡುವ ಏಜೆಂಟು ಕೇಳುವ ಮೊದಲ ಪ್ರಶ್ನೆಗಳಲ್ಲಿ ‘ಗಾಡಿ ಎಷ್ಟು ಪಾಸಿಂಗ್?’ ಎಂಬುದೂ ಒಂದು. ಗಾಡಿಯ ನೋಂದಣಿಯಾಗುವಾಗ ಅದರ ಖಾಲಿ ತೂಕವೂ ಸರಕು ಸೇರಿದ ಒಟ್ಟು ತೂಕದ ಮಿತಿಯೂ ದಾಖಲಾಗುತ್ತವೆ. ಇವೆರಡರ ನಡುವಣ ಅಂತರವೇ ಹೇರಬಹುದಾದ ಸರಕು. ಉದಾಹರಣೆಗೆ, ಒಟ್ಟು ಮಿತಿ 28 ಟನ್ ಇರುವ ಹತ್ತು ಗಾಲಿಯ ಲಾರಿಯ ಖಾಲಿ ತೂಕ ಒಂಬತ್ತೂವರೆ ಟನ್ ಆಗಿದ್ದರೆ ಅದರಲ್ಲಿ ಹದಿನೆಂಟೂವರೆ ಟನ್ ಸರಕು ಹೋಗಬಹುದು. ಅದಕ್ಕಿಂತ ಹೆಚ್ಚಾದದ್ದು ಓವರ್‌ಲೋಡ್. ‘ಅಂಡರ್‌ಲೋಡ್’ ಎಂದರೆ ಕಡಿಮೆ ಸರಕು ಎಂಬ ಅರ್ಥವಲ್ಲ. ಪಾಸಿಂಗ್ ಒಳಗಿನ, ಕಾನೂನಿಗೆ ಒಪ್ಪುವ ಹೊರೆ ಎಂದರ್ಥ. ‘ನಾವು ಅಂಡರ್‌ಲೋಡ್ ಮಾತ್ರ ಹಾಕುವುದು’ ಎಂದು ಒಬ್ಬ ಚಾಲಕ ಹೇಳಿದರೆ ಅವನು ತನ್ನ ಗಾಡಿ ಅರ್ಧ ಖಾಲಿ ಹೋಗುತ್ತದೆ ಎನ್ನುತ್ತಿಲ್ಲ, ತಾನು ನಿಯಮ ಮೀರುವುದಿಲ್ಲ ಎನ್ನುತ್ತಿದ್ದಾನೆ. ನಿಯಮದ ಮಟ್ಟವನ್ನೇ ‘ಕಡಿಮೆ’ ಎಂದು ಕರೆಯುವ ಈ ರೂಢಿಯಿಂದ, ಮೀರುವುದು ಎಷ್ಟು ಮಾಮೂಲಿಯಾಗಿತ್ತು ಎಂಬುದು ತಿಳಿಯುತ್ತದೆ.

ಮಿತಿಯ ಸಂಖ್ಯೆ ಹುಟ್ಟುವುದು ಆಕ್ಸಲ್‌ಗಳ, ಅಂದರೆ ಎಡಬಲದ ಗಾಲಿಗಳನ್ನು ಹೊತ್ತಿರುವ ಅಡ್ಡ ಅಚ್ಚುಗಳ, ಲೆಕ್ಕದಿಂದ. ಲಾರಿಯ ಭಾರವೆಲ್ಲ ಆಕ್ಸಲ್‌ಗಳ ಮೂಲಕ ಗಾಲಿಗಳಿಗೆ, ಗಾಲಿಗಳಿಂದ ರಸ್ತೆಗೆ ಇಳಿಯುವುದರಿಂದ, ಪ್ರತಿ ಆಕ್ಸಲ್ ಎಷ್ಟು ಹೊರಬಹುದು ಎಂಬುದನ್ನು ಕೇಂದ್ರ ಸರ್ಕಾರ ಅಧಿಸೂಚನೆಯ ಮೂಲಕ ಗೊತ್ತುಪಡಿಸುತ್ತದೆ. 2018ರಲ್ಲಿ ಈ ಮಿತಿಗಳನ್ನು ಏರಿಸಲಾಯಿತು: ನಾಲ್ಕು ಟೈರಿನ ಒಂಟಿ ಆಕ್ಸಲ್‌ಗೆ 10.2 ಟನ್ ಇದ್ದದ್ದು 11.5 ಟನ್ ಆಯಿತು, ಹಿಂದಿನ ಜೋಡಿ ಆಕ್ಸಲ್‌ಗೆ 19 ಇದ್ದದ್ದು 21 ಆಯಿತು, ಅತಿ ದೊಡ್ಡ ಟ್ರೈಲರ್‌ಗಳ ಒಟ್ಟು ಮಿತಿ 49ರಿಂದ 55 ಟನ್‌ಗೆ ಏರಿತು. ಪ್ರತಿ ಆಕ್ಸಲ್‌ಗೂ ಬೇರೆ ಮಿತಿ ಇರುವುದರಿಂದ, ಒಟ್ಟು ತೂಕ ಮಿತಿಯೊಳಗೆ ಇದ್ದರೂ ಸರಕನ್ನೆಲ್ಲ ಹಿಂದಕ್ಕೆ ಒತ್ತಿ ಹೇರಿದ ಗಾಡಿಯ ಒಂದು ಆಕ್ಸಲ್ ಮಾತ್ರ ಮಿತಿ ಮೀರಿರಬಹುದು.

ಆಕ್ಸಲ್ ಮೇಲೆ ಇಷ್ಟು ಕಟ್ಟುನಿಟ್ಟು ಏಕೆ ಎಂಬುದಕ್ಕೆ ಉತ್ತರ ಅಮೆರಿಕದ ಇಲಿನಾಯ್ ರಾಜ್ಯದ ಒಟಾವಾ ಊರಿನ ಬಳಿ 1958ರಿಂದ 1960ರವರೆಗೆ ನಡೆದ ಒಂದು ಪರೀಕ್ಷೆಯಲ್ಲಿದೆ. ಅಲ್ಲಿ ಪರೀಕ್ಷೆಗೆಂದೇ ಸುತ್ತು ರಸ್ತೆಗಳನ್ನು ನಿರ್ಮಿಸಿ, ಸೈನಿಕರಿಂದ ಬೇರೆ ಬೇರೆ ತೂಕದ ಟ್ರಕ್ಕುಗಳನ್ನು ಓಡಿಸಿ, ರಸ್ತೆ ಹೇಗೆ ಸವೆಯುತ್ತದೆ ಎಂದು ಅಳೆದರು. ರಸ್ತೆಗೆ ಆಗುವ ಹಾನಿ ಆಕ್ಸಲ್ ಭಾರದ ಹೆಚ್ಚುಕಡಿಮೆ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಬೆಳೆಯುತ್ತದೆ ಎಂಬುದು ಅದರಿಂದ ಹೊರಟ ಸೂತ್ರ. ಭಾರ ಎರಡರಷ್ಟಾದರೆ ಹಾನಿ ಹದಿನಾರರಷ್ಟು. ಹನ್ನೊಂದೂವರೆ ಟನ್ ಹೊರಬೇಕಾದ ಆಕ್ಸಲ್ ಮೇಲೆ ಹದಿನೈದು ಟನ್ ಬಿದ್ದರೆ ರಸ್ತೆ ಸುಮಾರು ಮೂರರಷ್ಟು ಸವೆಯುತ್ತದೆ. ಲಾರಿಗೆ ‘ಸ್ವಲ್ಪ ಜಾಸ್ತಿ’ ಎನಿಸುವುದು ರಸ್ತೆಗೆ ಸ್ವಲ್ಪವಲ್ಲ. ಚಾಲಕನಿಗೂ ಅದು ಸ್ವಲ್ಪವಲ್ಲ ಎಂಬುದು ಶಿರಾಡಿಯಂಥ ಘಟ್ಟ ಇಳಿಯುವಾಗ ಅರಿವಾಗುತ್ತದೆ. ಹೆಚ್ಚುವರಿ ಭಾರವನ್ನು ತಡೆಯುವ ಕೆಲಸವೆಲ್ಲ ಬ್ರೇಕಿನ ಮೇಲೆ ಬಿದ್ದು, ಡ್ರಮ್ಮು ಕಾದು, ಪೆಡಲು ತುಳಿದರೂ ಹಿಡಿತ ಸಿಗದ ಸ್ಥಿತಿ ಬರುತ್ತದೆ.

ತೂಕ ತಿಳಿಯುವ ಜಾಗಕ್ಕೆ ಪೇಟೆಗಳಲ್ಲಿ ‘ವೇ ಬ್ರಿಡ್ಜ್’ ಎಂದೂ ಉತ್ತರ ಕರ್ನಾಟಕದಲ್ಲಿ ‘ಕಾಟಾ’ ಎಂದೂ ಹೆಸರು. ಕಬ್ಬು ಬೆಳೆಗಾರರು ಕಾರ್ಖಾನೆಯ ತೂಕದಲ್ಲಿ ಆಗುವ ಮೋಸದ ಬಗ್ಗೆ ಮಾತಾಡುವಾಗ ಬಳಸುವುದೂ ಈ ‘ಕಾಟಾ’ ಪದವನ್ನೇ. ಲಾರಿ ನಿಲ್ಲುವ ಹಾಸಿನ ಕೆಳಗೆ ಲೋಡ್ ಸೆಲ್ ಎಂಬ ಉಕ್ಕಿನ ತುಂಡುಗಳಿರುತ್ತವೆ. ಭಾರ ಬಿದ್ದಾಗ ಅವು ಕಣ್ಣಿಗೆ ಕಾಣದಷ್ಟು ಬಾಗುತ್ತವೆ. ಆ ಬಾಗುವಿಕೆಯಿಂದ ಅವಕ್ಕೆ ಅಂಟಿಸಿದ ತೆಳು ತಂತಿಯ ವಿದ್ಯುತ್ ರೋಧ ಬದಲಾಗಿ, ಆ ಬದಲಾವಣೆಯನ್ನು ಯಂತ್ರ ಕಿಲೋಗ್ರಾಂಗಳಲ್ಲಿ ತೋರಿಸುತ್ತದೆ. ಖಾಲಿ ಗಾಡಿಯನ್ನು ಒಮ್ಮೆ, ತುಂಬಿದ ಗಾಡಿಯನ್ನು ಇನ್ನೊಮ್ಮೆ ತೂಗಿ, ಎರಡರ ವ್ಯತ್ಯಾಸವನ್ನು ಚೀಟಿಯಲ್ಲಿ ಮುದ್ರಿಸಿ ಕೊಡುತ್ತಾರೆ. ಇಂಥ ಯಂತ್ರವನ್ನು ಕಾನೂನು ಮಾಪನ ಇಲಾಖೆಯವರು ವರ್ಷಕ್ಕೊಮ್ಮೆ ಪರಿಶೀಲಿಸಿ ಮುದ್ರೆ ಹಾಕಬೇಕು. ಟೋಲ್ ಗೇಟುಗಳಲ್ಲಿ ಈಗ ಗಾಡಿ ನಿಧಾನವಾಗಿ ಸಾಗುತ್ತಿರುವಾಗಲೇ ತೂಗುವ ಪಟ್ಟಿಗಳೂ ಇವೆ.

1988ರ ಮೋಟಾರು ವಾಹನ ಕಾಯ್ದೆಯ 114ನೆಯ ಕಲಮಿನಂತೆ, ಸಂಶಯ ಬಂದ ಅಧಿಕಾರಿ ಗಾಡಿಯನ್ನು ಅದು ಸಾಗುವ ದಾರಿಯಿಂದ 10 ಕಿಲೋಮೀಟರ್ ಒಳಗಿನ ಕಾಟಾಕ್ಕೆ ಒಯ್ಯಲು ಚಾಲಕನಿಗೆ ಹೇಳಬಹುದು. ದಂಡದ ಮಾತು 194ನೆಯ ಕಲಮಿನಲ್ಲಿದೆ. 2019ರ ತಿದ್ದುಪಡಿಗೆ ಮೊದಲು 2,000 ರೂಪಾಯಿಯೂ ಹೆಚ್ಚುವರಿ ಪ್ರತಿ ಟನ್‌ಗೆ 1,000 ರೂಪಾಯಿಯೂ ಇದ್ದದ್ದು, ಆ ವರ್ಷದ ಸೆಪ್ಟೆಂಬರ್‌ನಿಂದ 20,000 ಮತ್ತು 2,000 ರೂಪಾಯಿ ಆಯಿತು. ನಾಲ್ಕು ಟನ್ ಹೆಚ್ಚಿದ್ದರೆ 28,000 ರೂಪಾಯಿ. ತೂಗಲು ನಿಲ್ಲಿಸದೆ ಹೋದರೆ ಅಥವಾ ತೂಗುವ ಮುಂಚೆ ಸರಕು ಇಳಿಸಿದರೆ 40,000 ರೂಪಾಯಿ. ಆದರೆ ದಂಡ ಕಟ್ಟಿದ ಮಾತ್ರಕ್ಕೆ ಅದೇ ಹೊರೆಯೊಂದಿಗೆ ಮುಂದೆ ಹೋಗಬಹುದು ಎಂಬ ಎಣಿಕೆ ತಪ್ಪು. ಹಣ ಕಟ್ಟಿಸಿಕೊಂಡು ಓವರ್‌ಲೋಡಿಗೆ ಅನುಮತಿ ಕೊಡುವ ಪದ್ಧತಿಯನ್ನು ರಾಜ್ಯಗಳು ಇಟ್ಟುಕೊಳ್ಳುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2005ರಲ್ಲಿಯೇ ಹೇಳಿದೆ. ಹೆಚ್ಚುವರಿ ಸರಕು ಇಳಿಯುವವರೆಗೆ ಗಾಡಿ ಕದಲಬಾರದು.

ಇಷ್ಟೆಲ್ಲ ಇದ್ದೂ ಓವರ್‌ಲೋಡ್ ಏಕೆ ಆಗುತ್ತದೆ? ಬಾಡಿಗೆ ಟನ್ ಲೆಕ್ಕದಲ್ಲಿ ಸಿಗುತ್ತದೆ; ಡೀಸೆಲ್, ಟೋಲ್, ಸಾಲದ ಕಂತು ಟನ್ ಲೆಕ್ಕದಲ್ಲಿ ಹೋಗುವುದಿಲ್ಲ. ಕೊನೆಯ ಎರಡು ಮೂರು ಟನ್‌ಗಳಲ್ಲಿಯೇ ಮಾಲೀಕನ ಲಾಭ ಕುಳಿತಿರುತ್ತದೆ. ಬಳ್ಳಾರಿ ಸೀಮೆಯ ಅದಿರು ಅಂಕೋಲಾದ ಬೇಲೆಕೇರಿ ಬಂದರಿನ ಕಡೆಗೆ ಸಾಲುಗಟ್ಟಿ ಹೋಗುತ್ತಿದ್ದ ವರ್ಷಗಳಲ್ಲಿ ಹೊಸಪೇಟೆ, ಸಂಡೂರಿನ ರಸ್ತೆಗಳಿಗೆ ಏನಾಯಿತು ಎಂಬುದನ್ನು ಆ ಭಾಗದ ಜನ ಮರೆತಿಲ್ಲ. ಇನ್ನು ಕೆಲವೊಮ್ಮೆ ಚಾಲಕನಿಗೆ ತೂಕವೇ ಗೊತ್ತಿರುವುದಿಲ್ಲ. ಕ್ರಷರಿನಲ್ಲಿ ಜಲ್ಲಿ ತುಂಬುವುದು ಲೋಡರಿನ ಬಕೆಟ್ ಎಣಿಕೆಯಿಂದ. ಹೊಳೆಯ ಒದ್ದೆ ಮರಳು ಒಣ ಮರಳಿಗಿಂತ ಭಾರ. ಮಳೆಯಲ್ಲಿ ನೆನೆದ ಸರಕು ದಾರಿಯಲ್ಲಿಯೇ ತೂಕ ಹೆಚ್ಚಿಸಿಕೊಳ್ಳುತ್ತದೆ.

ಕಾಯ್ದೆಯಲ್ಲಿ ‘ಓಡಿಸುವವನು’ ಮಾತ್ರವಲ್ಲ, ‘ಓಡಿಸಲು ಕಾರಣನಾದವನು, ಓಡಿಸಲು ಬಿಟ್ಟವನು’ ಕೂಡ ತಪ್ಪಿತಸ್ಥನೇ. ಈ ಮಾತು ಇನ್ನೂ ಹೆಚ್ಚಾಗಿ ಬಳಕೆಗೆ ಬರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ರಸ್ತೆಯಲ್ಲಿ ಅಧಿಕಾರಿಯ ಕೈಗೆ ಸಿಗುವವನು ಚಾಲಕ ಒಬ್ಬನೇ. ಸರಕು ಹೇರಿಸಿದ ವ್ಯಾಪಾರಿ ಅಲ್ಲಿ ಇರುವುದಿಲ್ಲ. ಅಧಿಕಾರಿ ಹೆಚ್ಚುವರಿ ಭಾರ ಇಳಿಸಲು ಲಿಖಿತ ಆದೇಶ ಕೊಟ್ಟಾಗ ಅದನ್ನು ಚಾಲಕ ‘ತನ್ನ ಸ್ವಂತ ಹೊಣೆಯಲ್ಲಿ’ ಇಳಿಸಬೇಕು ಎನ್ನುತ್ತದೆ 114ನೆಯ ಕಲಮು. ಅಕ್ಕಿ ಮೂಟೆಯಾದರೆ ಇಳಿಸಿ, ಟಾರ್ಪಾಲು ಹೊದಿಸಿ, ಇನ್ನೊಂದು ಗಾಡಿ ಬರುವವರೆಗೆ ಚಾಲಕನೂ ಕ್ಲೀನರನೂ ರಾತ್ರಿಯೆಲ್ಲ ಕಾಯಬಹುದು. ಇಳಕಲ್ಲಿನ ಅಥವಾ ಚಾಮರಾಜನಗರದ ಗ್ರಾನೈಟಿನ ಒಂದೇ ದಿಮ್ಮಿಯಾದರೆ ಅದರಿಂದ ಎರಡು ಟನ್ ಮಾತ್ರ ಇಳಿಸುವ ಉಪಾಯವೇ ಇಲ್ಲ. ಕ್ರೇನು ತರಿಸಿ ಇಡೀ ಕಲ್ಲನ್ನು ಎತ್ತಿ ದೊಡ್ಡ ಪಾಸಿಂಗಿನ ಗಾಡಿಗೆ ಇಡುವವರೆಗೆ ಆ ಲಾರಿ ಅಲ್ಲಿಯೇ ನಿಂತಿರಬೇಕು.