ಹವಳಕ್ಕೆ ಬೇಕಿರೋದು ಆರು ವರ್ಷದ ಬಿಡುವು

ಲಕ್ಷದ್ವೀಪ ಅಂದ್ರೆ ಈಗ ಎಲ್ರಿಗೂ ನೆನಪಾಗೋದು ತಿಳಿನೀಲಿ ನೀರು, ಬಿಳಿ ಮರಳು, ರೀಲ್ಸು. ಮಂಗಳೂರಿನವ್ರಿಗೆ ಹಳೇ ಬಂದರಿನಿಂದ ತರಕಾರಿ, ಜಲ್ಲಿ, ಸಿಮೆಂಟು ತುಂಬ್ಕೊಂಡು ಅಲ್ಲಿಗೆ ಹೋಗೋ ಮಂಜಿಗಳೂ ನೆನಪಾಗ್ಬಹುದು. 1956ರಲ್ಲಿ ಕೇಂದ್ರಾಡಳಿತ ಪ್ರದೇಶ ಆಗೋ ತನಕ ಅಮಿನಿ, ಕಡ್ಮತ್, ಬಿತ್ರಾ ಇವೆಲ್ಲ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ವು. ಆ ದ್ವೀಪಗಳ ಸುತ್ತ ಇರೋ ಹವಳಕ್ಕೆ ಏನಾಗ್ತಿದೆ ಅಂತ 1998ರಿಂದ ಲೆಕ್ಕ ಇಟ್ಕೊಂಡು ಬಂದಿರೋದೂ ನಮ್ಮ ಮೈಸೂರಿನ ಸಂಸ್ಥೆಯೇ, ನೇಚರ್ ಕನ್ಸರ್ವೇಶನ್ ಫೌಂಡೇಶನ್ ಅಂತ. ಅಲ್ಲಿನ ಸಮುದ್ರ ಪರಿಸರ ವಿಜ್ಞಾನಿ ರೋಹನ್ ಆರ್ಥರ್ ಮತ್ತವರ ಜೊತೆಗಾರರು ಹೇಳ್ತಿರೋದನ್ನ ಸ್ವಲ್ಪ ನಿಧಾನವಾಗಿ ಕೇಳ್ಬೇಕು, ಯಾಕಂದ್ರೆ "ಹವಳ ಸಾಯ್ತಿದೆ" ಅನ್ನೋ ಒಂದು ಸಾಲಿನ ಸುದ್ದಿಗಿಂತ ಅದು ತುಂಬಾ ಸ್ವಾರಸ್ಯವಾಗಿದೆ.

ಮೊದ್ಲು ಹವಳ ಅಂದ್ರೇನು ಅಂತ ಬೇಗ ಮುಗಿಸ್ಬಿಡ್ತೀನಿ. ಅದು ಕಲ್ಲೂ ಅಲ್ಲ, ಗಿಡಾನೂ ಅಲ್ಲ, ಸಾವಿರಾರು ಚಿಕ್ಕ ಚಿಕ್ಕ ಪ್ರಾಣಿಗಳು ಒಟ್ಟಿಗೆ ಸುಣ್ಣದ ಗೂಡು ಕಟ್ಕೊಂಡು ಇರೋದು. ಆ ಪ್ರಾಣಿಯ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ವಾಸ ಮಾಡುತ್ತೆ, ಬಿಸಿಲು ಹಿಡಿದು ಆಹಾರ ತಯಾರು ಮಾಡಿ ಮನೆ ಮಾಲೀಕನಿಗೂ ಕೊಡುತ್ತೆ, ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಬಹುಪಾಲು ಬರೋದೇ ಈ ಬಾಡಿಗೆಯಿಂದ. ಹವಳದ ಬಣ್ಣದಲ್ಲೂ ಬಹುಪಾಲು ಈ ಪಾಚಿದೇ. ಬೇಸಿಗೆಯಲ್ಲಿ ಅಲ್ಲಿನ ನೀರು ಮುಟ್ಟೋ ಗರಿಷ್ಠ ಬಿಸಿಗಿಂತ ಬರೀ ಒಂದು ಡಿಗ್ರಿ ಜಾಸ್ತಿ ಆಗಿ ಕೆಲವು ವಾರ ಹಾಗೇ ನಿಂತ್ರೆ ಸಾಕು, ಪಾಚಿ ವಿಷಕಾರಿ ಆಕ್ಸಿಜನ್ ಕಣಗಳನ್ನ ಬಿಡೋಕೆ ಶುರು ಮಾಡುತ್ತೆ, ಹವಳ ಅದನ್ನ ಹೊರಗೆ ಹಾಕ್ಬಿಡುತ್ತೆ. ಉಳಿಯೋದು ಪಾರದರ್ಶಕ ಮೈ, ಅದರ ಕೆಳಗೆ ಬಿಳೀ ಸುಣ್ಣ. ಇದನ್ನೇ ಬಿಳಿಚಿಕೊಳ್ಳೋದು ಅನ್ನೋದು. ಬಿಳಿಚಿಕೊಂಡ ತಕ್ಷಣ ಸತ್ತಿದೆ ಅಂತಲ್ಲ, ಉಪವಾಸ ಬಿದ್ದಿದೆ ಅಷ್ಟೇ. ನೀರು ಬೇಗ ತಣ್ಣಗಾದ್ರೆ ಪಾಚಿ ವಾಪಸ್ ಬರುತ್ತೆ, ಇಲ್ಲಾಂದ್ರೆ ಕಥೆ ಮುಗೀತು.

1998 ಎಲ್ ನಿನೋ ವರ್ಷ, ಅಂದ್ರೆ ಪೆಸಿಫಿಕ್ ಸಾಗರದ ನೀರು ಮಾಮೂಲಿಗಿಂತ ಬಿಸಿಯಾಗಿ ಬೇರೆ ಸಮುದ್ರಗಳನ್ನೂ ಕಾಯಿಸೋ ವರ್ಷ. ಆಗ ಲಕ್ಷದ್ವೀಪದಲ್ಲಿ ಆಗಿದ್ದು ಇದೇ. ಆರ್ಥರ್ ಆ ವರ್ಷ ಲಕ್ಷದ್ವೀಪ, ಮನ್ನಾರ್ ಕೊಲ್ಲಿ, ಕಛ್ ಕೊಲ್ಲಿ ಮೂರೂ ಕಡೆ ನೋಡಿ ಬರೆದ ಲೆಕ್ಕದ ಪ್ರಕಾರ ಲಕ್ಷದ್ವೀಪದ ಹವಳದಲ್ಲಿ ನೂರಕ್ಕೆ 82 ಭಾಗ ಬಿಳಿಚಿಕೊಂಡಿತ್ತು, ಕಾಲು ಭಾಗದಷ್ಟು ಸತ್ತೂ ಹೋಗಿತ್ತು. ಕಛ್‌ನಲ್ಲಿ ಬಿಳಿಚಿಕೊಂಡಿದ್ದೇ ಬರೀ 11 ಭಾಗ. ಯಾವಾಗ್ಲೂ ಕೆಸರು, ಏರಿಳಿತ ಜಾಸ್ತಿ ಇರೋ ಕಛ್‌ನ ಹವಳ ಬಚಾವಾಗಿ, ಗಾಜಿನ ಹಾಗಿರೋ ನೀರಿನ ಹವಳ ಸತ್ತಿದ್ದು ಒಂಥರಾ ವಿಚಿತ್ರವೇ.

ಇಲ್ಲಿಂದ ಮುಂದಿನದ್ದು ನನಗೆ ಹೆಚ್ಚು ಇಷ್ಟದ ಭಾಗ. ಸತ್ತ ಹವಳ ತಕ್ಷಣ ಮಾಯ ಆಗಲ್ಲ. ಮೇಜಿನ ಥರ ಅಗಲವಾಗಿ ಹರಡ್ಕೊಂಡಿರೋ ಅಕ್ರೋಪೋರಾ ಅನ್ನೋ ಜಾತಿ ಸತ್ತ ಮೇಲೂ ಹಾಗೇ ನಿಂತಿರುತ್ತೆ, ಮೇಲೆ ತೆಳ್ಳಗೆ ಕೂದಲಿನಂಥ ಪಾಚಿ ಬೆಳೆಯುತ್ತೆ, ಒಳಗಡೆಯಿಂದ ಹುಳು, ಸ್ಪಾಂಜು ಎಲ್ಲ ಕೊರೀತಾ ಇರ್ತವೆ. ನೀರಲ್ಲಿ ತೇಲ್ಕೊಂಡು ಬರೋ ಹವಳದ ಮರಿಗಳಿಗೆ ಗಟ್ಟಿ ಜಾಗ ಬೇಕಲ್ವಾ, ಅವು ಈ ಸತ್ತ ಮೇಜಿನ ಮೇಲೇ ಕೂರ್ತವೆ. ಉಗುರಿನಷ್ಟು ಅಗಲ ಆಗೋವಾಗ್ಲೇ ಮುಂಗಾರಿನ ಅಲೆ ಬಂದು ಕಾಲು ಟೊಳ್ಳಾಗಿರೋ ಮೇಜು ಮಗುಚಿ ಬೀಳುತ್ತೆ, ಮೇಲೆ ಕೂತಿದ್ದ ಮರಿಗಳೂ ಹೋದ್ವು. ಹಾಗಾಗಿ ಮರಿ ಎಷ್ಟು ಬಂದ್ವು ಅನ್ನೋದಷ್ಟೇ ಲೆಕ್ಕ ಅಲ್ಲ, ಎಲ್ಲಿ ಕೂತ್ವು ಅನ್ನೋದೂ ಲೆಕ್ಕ. ಇದೆಲ್ಲ ಸ್ಯಾಟಲೈಟ್‌ನಲ್ಲಿ ಕಾಣಲ್ಲ, ಅದೇ ಜಾಗಕ್ಕೆ ಮತ್ತೆ ಮತ್ತೆ ಮುಳುಗಿ, ಟೇಪು ಹಾಸಿ, ಚೌಕಟ್ಟು ಇಟ್ಟು, ಒಳಗೆ ಏನಿದೆ ಅಂತ ಎಣಿಸಿದ್ರೆ ಮಾತ್ರ ಗೊತ್ತಾಗೋದು. ಬೇಜಾರು ಹಿಡಿಸೋ ಕೆಲಸ ಅಂತ ಅನ್ನಿಸ್ಬಹುದು, ಆದ್ರೆ ಇಡೀ ವಿಷಯ ನಿಂತಿರೋದೇ ಅದರ ಮೇಲೆ.

ಎಣಿಸ್ತಾ ಹೋದಾಗ ಕಂಡಿದ್ದು ಏನಂದ್ರೆ, 1998ರ ಆ ಹೊಡೆತದ ನಂತರ ಲಕ್ಷದ್ವೀಪದ ಹವಳ ಎದ್ದು ಬಂತು. ಅದ್ರಲ್ಲೂ ದ್ವೀಪಗಳ ಪಶ್ಚಿಮ ಬದಿ ಬೇಗ ಚೇತರಿಸ್ಕೊಳ್ತು, ಪೂರ್ವ ಬದಿ ನಿಧಾನ. ಚೇತರಿಕೆಗೆ ಒಂದು ದೊಡ್ಡ ಕಾರಣ ಗಿಳಿಮೀನು, ಸರ್ಜನ್ ಮೀನು ಥರದ ಪಾಚಿ ಮೇಯೋ ಮೀನುಗಳು. ಸತ್ತ ಹವಳದ ಮೇಲೆ ಪಾಚಿ ದಟ್ಟವಾದ್ರೆ ಮರಿ ಹವಳಕ್ಕೆ ಕೂರೋಕೇ ಜಾಗ ಇರಲ್ಲ, ಈ ಮೀನುಗಳು ಪಾಚಿನ ಕೆರೆದು ಮೇದು ಜಾಗ ಖಾಲಿ ಮಾಡ್ತವೆ. ಕೆರಿಬಿಯನ್ ಕಡೆ ಎಷ್ಟೋ ಕಡೆ ಪಾಚಿ ಮೇಯೋ ಜೀವಿಗಳು ಕಮ್ಮಿಯಾಗಿ ಪಾಚಿ ಗೆದ್ದುಬಿಟ್ಟಿದೆ.

ಸರಿ, ಲಕ್ಷದ್ವೀಪದಲ್ಲಿ ಮಾತ್ರ ಈ ಮೀನುಗಳು ಹೇಗೆ ಉಳಿದ್ವು? ಅಲ್ಲಿ ಜನ ಕಮ್ಮಿ ಅಂತ ಅಂದ್ಕೋಬೇಡಿ, 32 ಚದರ ಕಿಲೋಮೀಟರ್ ನೆಲದಲ್ಲಿ 64 ಸಾವಿರ ಜನ ಇದ್ರು 2011ರ ಜನಗಣತಿಯಲ್ಲಿ. ಉತ್ತರ ಇರೋದು ಅವರ ಟ್ಯೂನಾ ಮೀನುಗಾರಿಕೆಯಲ್ಲಿ. ಮಿನಿಕಾಯ್ ದ್ವೀಪದವ್ರು ಹಿಂದಿನಿಂದ್ಲೂ ಗಾಳ ಹಾಕಿ ಟ್ಯೂನಾ ಹಿಡಿಯೋದ್ರಲ್ಲಿ ನಿಪುಣರು. 1960ರ ದಶಕದಲ್ಲಿ ಮೀನುಗಾರಿಕೆ ಇಲಾಖೆ ಆ ವಿದ್ಯೆನ ಬೇರೆ ದ್ವೀಪಗಳಿಗೂ ಹಬ್ಬಿಸ್ತು, ಮೋಟರ್ ಬೋಟು ಕೊಡ್ತು. ನೋಡೋಕೇ ಚಂದ ಆ ಕೆಲಸ: ಒಳಕಡಲಲ್ಲಿ, ಅಂದ್ರೆ ಹವಳದ ದಿಬ್ಬದೊಳಗಿನ ಆಳವಿಲ್ಲದ ನೀರಲ್ಲಿ, ಹಿಡಿದ ಸಣ್ಣ ಜೀವಂತ ಮೀನುಗಳನ್ನ ನೀರಿಗೆ ಎಸೀತಾರೆ, ಪಕ್ಕದಿಂದ ನೀರು ಚಿಮ್ಮಿಸ್ತಾರೆ, ದೊಡ್ಡ ಹಿಂಡು ಕುಣೀತಿದೆ ಅಂತ ಟ್ಯೂನಾ ಮುಗಿಬೀಳುತ್ತೆ, ಸಾಲಾಗಿ ನಿಂತವ್ರು ಮುಳ್ಳಿಲ್ಲದ ಗಾಳದ ಕೋಲನ್ನ ಹಿಂದಕ್ಕೆ ಎಳೆದ್ರೆ ಮೀನು ತಲೆ ಮೇಲಿಂದ ಹಾರಿ ಬೋಟೊಳಗೆ ಬೀಳುತ್ತೆ. ಇಲಾಖೆ ಮನಸ್ಸಲ್ಲಿ ಇದ್ದಿದ್ದು ಜನರ ಆದಾಯ, ಹವಳ ಅಲ್ಲ. ಆದ್ರೆ ಊರಿನ ಊಟ, ದುಡ್ಡು ಎರಡೂ ಹೊರಗಿನ ಆಳ ಸಮುದ್ರದಿಂದ ಬರೋಕೆ ಶುರುವಾದ ಮೇಲೆ ದಡದ ಹವಳದ ಮೀನುಗಳ ತಂಟೆಗೆ ಜನ ಅಷ್ಟಾಗಿ ಹೋಗ್ಲಿಲ್ಲ. ಯಾರೂ ಪ್ಲಾನ್ ಮಾಡದೇ ಆದ ಸಂರಕ್ಷಣೆ ಇದು, ನನ್ನ ಕೇಳಿದ್ರೆ ಪ್ಲಾನ್ ಮಾಡಿ ಬೇಲಿ ಹಾಕಿದ ಎಷ್ಟೋ ಯೋಜನೆಗಳಿಗಿಂತ ಚೆನ್ನಾಗೇ ಕೆಲಸ ಮಾಡಿದೆ.

ಹಾಗಂತ ನೆಮ್ಮದಿಯಾಗಿ ಕೂರೋ ಹಾಗಿಲ್ಲ. 2010ರಲ್ಲಿ ಮತ್ತೆ ಬಿಸಿ, 2016ರಲ್ಲಿ ಮತ್ತೆ. ಪ್ರತಿ ಸಲ ಸಾಯೋ ಹವಳದ ಪ್ರಮಾಣ ಹಿಂದಿನ ಸಲಕ್ಕಿಂತ ಕಮ್ಮಿ ಆಗ್ತಾ ಬಂತು ಅಂತ ಸಂಶೋಧಕರು ನೋಡಿದ್ರು. ಕೇಳೋಕೆ ಒಳ್ಳೇ ಸುದ್ದಿ, ಆದ್ರೆ ಅದಕ್ಕೆ ಒಂದು ಕಾರಣ ಬಿಸಿ ತಡ್ಕೊಳ್ಳದ ಕವಲಿನ, ಮೇಜಿನ ಜಾತಿಗಳು ಆಗ್ಲೇ ಹೋಗಿರೋದು. ಉಳಿದಿರೋದ್ರಲ್ಲಿ ಗುಂಡಗೆ ಬಂಡೆಯ ಹಾಗೆ ನಿಧಾನವಾಗಿ ಬೆಳೆಯೋ ಗಟ್ಟಿ ಜಾತಿಗಳೇ ಜಾಸ್ತಿ. ಸಾವು ಕಮ್ಮಿ, ಚೇತರಿಕೆ ಅದಕ್ಕಿಂತ ಕಮ್ಮಿ. ಅಗತ್ತಿ, ಕಡ್ಮತ್, ಕವರತ್ತಿ ಮೂರು ದ್ವೀಪಗಳಲ್ಲಿ 24 ವರ್ಷ ಎಣಿಸಿದ ಲೆಕ್ಕ 2025ರಲ್ಲಿ ಪ್ರಕಟವಾಯ್ತು: 1998ರಲ್ಲಿ ಜೀವಂತ ಹವಳ ಸುಮಾರು ಶೇ. 37ರಷ್ಟು ಜಾಗದಲ್ಲಿ ಇದ್ದಿದ್ದು 2022ಕ್ಕೆ ಸುಮಾರು 19ಕ್ಕೆ ಇಳಿದಿದೆ. ಅದೇ ಲೆಕ್ಕದಲ್ಲಿ ಇನ್ನೊಂದು ಮಾತೂ ಇದೆ, ಒಂದು ಹೊಡೆತ ಆದ್ಮೇಲೆ ಆರು ವರ್ಷ ಬಿಸಿ ಕಾಟ ಇಲ್ದೇ ಇದ್ರೆ ಮಾತ್ರ ಹವಳ ಚುರುಕಾಗಿ ಬೆಳೆಯೋಕೆ ಶುರು ಮಾಡುತ್ತೆ. ಆರು ವರ್ಷಕ್ಕೆ ಪೂರ್ತಿ ವಾಸಿಯಾಗಲ್ಲ, ವಾಸಿಯಾಗೋಕೆ ಆಗ ಶುರು. ಈಗ ಇಸವಿಗಳನ್ನ ಪಕ್ಕಪಕ್ಕ ಇಟ್ಟು ನೋಡಿ: 1998ರಿಂದ 2010ಕ್ಕೆ ಹನ್ನೆರಡು ವರ್ಷ ಸಿಕ್ಕಿತ್ತು, 2010ರಿಂದ 2016ಕ್ಕೆ ಬರೀ ಆರು, ಅಂದ್ರೆ ಚುರುಕಾಗೋ ಹೊತ್ತಿಗೇ ಮತ್ತೆ ಏಟು.

ನಾಲ್ಕನೇ ಜಾಗತಿಕ ಬಿಳಿಚುವಿಕೆ ನಡೀತಿದೆ ಅಂತ ಸಮುದ್ರ, ಹವಾಮಾನದ ಮೇಲೆ ಕಣ್ಣಿಡೋ ಅಮೆರಿಕದ ನೋವಾ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಘೋಷಿಸ್ತು, ಮೇ ತಿಂಗಳ ಹೊತ್ತಿಗೆ ಲಕ್ಷದ್ವೀಪದ ಹವಳವೂ ದೊಡ್ಡ ಪ್ರಮಾಣದಲ್ಲಿ ಬಿಳಿಚಿಕೊಂಡಿದೆ ಅಂತ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆ ವರದಿ ಕೊಡ್ತು. ಅದರ ಜೊತೆಗೆ ಟ್ಯೂನಾ ಕೊಟ್ಟಿದ್ದ ರಕ್ಷಣೆಯೂ ಸಡಿಲ ಆಗ್ತಿದೆ. ಹವಳದ ಮೀನಿಗೆ ಹೊರಗಿನ ಮಾರ್ಕೆಟ್ಟಲ್ಲಿ ಒಳ್ಳೇ ರೇಟು ಬಂದಿರೋದ್ರಿಂದ ಮುರು ಮೀನಿನ ಕಡೆಯವು, ಅಂದ್ರೆ ಗ್ರೂಪರ್‌ಗಳು, ಈಗ ವ್ಯಾಪಾರಕ್ಕೆ ಹೋಗ್ತಿವೆ. ಬಿತ್ರಾ ಹತ್ರ ಒಂದು ಜಾತಿ ಗ್ರೂಪರ್ ಅಮಾವಾಸ್ಯೆ ಆಸುಪಾಸಿನ ಕೆಲವೇ ದಿನ ಮೊಟ್ಟೆ ಇಡೋಕೆ ಸಾವಿರಗಟ್ಟಲೆ ಒಂದೇ ಕಡೆ ಸೇರುತ್ತೆ. ಆ ದಿನಗಳಲ್ಲಿ ಅಲ್ಲಿಗೆ ಗಾಳ ತಗೊಂಡು ಹೋದವ್ರಿಗೆ ಕಷ್ಟ ಪಡೋ ಅಗತ್ಯವೇ ಇಲ್ಲ. ಭೂಮಿಯ ಬಿಸಿ ಇಳಿಸೋದು ಬಿತ್ರಾದ ಇನ್ನೂರು ಚಿಲ್ಲರೆ ಜನರ ಕೈಲಿಲ್ಲ, ಅದು ಕಲ್ಲಿದ್ದಲು, ಪೆಟ್ರೋಲ್ ಉರಿಸೋ ದೇಶಗಳ ಕೈಲಿರೋದು. ಆ ಕೆಲವು ದಿನ ಗಾಳ ಹಾಕ್ಬೇಕೋ ಬೇಡ್ವೋ ಅನ್ನೋದು ಮಾತ್ರ ಅವರ ಕೈಲಿದೆ.